ಪೈಪಿನಲ್ಲಿ ಗಾಳಿ ಹಿಡಿದಿದೆಯೇ? ಗೋಡೆ ಒಡೆಸಬೇಡಿ

ಟ್ಯಾಂಕ್ ತೊಳೆಸಿದ ಮಾರನೇ ದಿನ ಈ ಗೋಳು ಶುರು. ಟ್ಯಾಂಕ್ ತುಂಬಿರುತ್ತದೆ, ಆದರೂ ಮೇಲಿನ ಮಹಡಿಯ ಬಚ್ಚಲಲ್ಲಿ ನಲ್ಲಿ ತಿರುಗಿಸಿದರೆ ಬುಸ್ ಅಂತ ಸದ್ದು, ನಾಲ್ಕು ಹನಿ, ಆಮೇಲೆ ಏನೂ ಇಲ್ಲ. ಪೈಪು ಎಲ್ಲಿ ಮೇಲೆದ್ದು ಇಳಿದಿದೆಯೋ ಅಲ್ಲಿ ಗಾಳಿ ಕೂತಿರುತ್ತದೆ. 10 ಅಡಿ ಎತ್ತರದ ನೀರಿಗೆ ಇರುವ ಒತ್ತಡ ಸುಮಾರು 0.3 ಬಾರ್ ಅಷ್ಟೇ. ಗಾಳಿಯನ್ನು ತಳ್ಳಲು ಎಷ್ಟೋ ಸಲ ಅದು ಸಾಲದು.

ಮೊದಲು ಟ್ಯಾಂಕಿನ ಗೇಟ್ ವಾಲ್ವ್ ಪೂರ್ತಿ ತೆರೆದಿದೆಯಾ ನೋಡಿ. ಆಮೇಲೆ ಕೆಳಗಿನಿಂದ ಶುರುಮಾಡಿ ಎಲ್ಲ ನಲ್ಲಿಗಳನ್ನೂ ಸ್ವಲ್ಪ ಹೊತ್ತು ತೆರೆದಿಡಿ.

ಅದಕ್ಕೂ ಬಗ್ಗದಿದ್ದರೆ ಗಾಳಿಯನ್ನು ಬಂದ ದಾರಿಯಲ್ಲೇ ಮೇಲಕ್ಕೆ ಓಡಿಸಬೇಕು. ಜನ ಎಡವುವುದು ಇಲ್ಲೇ. ನಲ್ಲಿಗೆ ಬಾಯಿಟ್ಟು ಹೀರುತ್ತಾರೆ, ಪೈಪಿಗೆ ಸ್ಪ್ಯಾನರಿನಿಂದ ಬಡಿಯುತ್ತಾರೆ. ಸುಮ್ನೆ ದಂಡ.

ಸೋಲಾರ್ ಬಿಸಿನೀರು ಬರುತ್ತಿಲ್ಲ, ತಣ್ಣೀರು ಚೆನ್ನಾಗಿದೆ ಅನ್ನಿ. ಮಿಕ್ಸರಿನ (ಬಿಸಿನೀರು, ತಣ್ಣೀರು ಎರಡೂ ಬೆರೆತು ಬರುವ ನಲ್ಲಿಯ) ಶವರ್ ಕಡೆಯ ದಾರಿ ಮುಚ್ಚಿ. ಒದ್ದೆ ಬಟ್ಟೆ ಮಡಚಿ ನಲ್ಲಿಯ ಬಾಯಿಗೆ ಅಂಗೈಯಿಂದ ಬಿಗಿಯಾಗಿ ಒತ್ತಿ. ಬಿಸಿನೀರಿನ ಗುಬ್ಬಿ ಪೂರ್ತಿ ತೆರೆಯಿರಿ, ನಂತರ ತಣ್ಣೀರಿನದನ್ನು ನಿಧಾನವಾಗಿ. ಹೊರಗೆ ದಾರಿಯಿಲ್ಲದ ತಣ್ಣೀರು ಬಿಸಿ ಪೈಪಿನೊಳಗೆ ಹಿಂದಕ್ಕೆ ಏರುತ್ತದೆ. ಗೋಡೆಯೊಳಗೆ ಗುಳುಗುಳು ಕೇಳಿಸಿದರೆ ಕೆಲಸ ಆಗುತ್ತಿದೆ ಅಂತ ಅರ್ಥ. ಸದ್ದು ನಿಲ್ಲುವವರೆಗೂ ಕೈ ಸಡಿಲಿಸಬೇಡಿ. ಆಮೇಲೆ ತಣ್ಣೀರು ನಿಲ್ಲಿಸಿ, ಬಟ್ಟೆ ತೆಗೆದು ಪಕ್ಕಕ್ಕೆ ಸರಿಯಿರಿ. ಉಗುಳಿಕೊಂಡು ಬರುವ ನೀರು ಕೈ ಸುಡುವಷ್ಟು ಬಿಸಿಯಿರಬಹುದು. ಒಂದೇ ಸಲಕ್ಕೆ ಆಗದಿದ್ದರೆ ಮತ್ತೆ ಮಾಡಿ. ಸಿಂಗಲ್ ಲಿವರ್ ಮಿಕ್ಸರ್ ಆದರೆ ಲಿವರನ್ನು ನಡುವೆ ಇಟ್ಟು ಎತ್ತಿ. ನೋಡಲು ಚೆಂದ, ಆದರೆ ಇಂಥ ಹೊತ್ತಿಗೆ ಎರಡು ಗುಬ್ಬಿಯ ಹಳೇ ಮಿಕ್ಸರೇ ವಾಸಿ. ಬಿಸಿನೀರು ಗೀಸರಿನದಾಗಿದ್ದು, ಅದರ ಲೈನಿನಲ್ಲಿ ನಾನ್ ರಿಟರ್ನ್ ವಾಲ್ವ್ (ನೀರನ್ನು ಹಿಂದಕ್ಕೆ ಹೋಗಲು ಬಿಡದ ವಾಲ್ವ್) ಇದ್ದರೆ ಈ ಉಪಾಯ ನಡೆಯದು. ಗೀಸರಿನಲ್ಲಿ ನೀರು ತುಂಬಿದ್ದು ಖಚಿತವಾಗುವವರೆಗೆ ಸ್ವಿಚ್ ಮುಟ್ಟಬೇಡಿ, ಕಾಯಿಲ್ ಸುಟ್ಟುಹೋಗುತ್ತದೆ.

ತಣ್ಣೀರಿನ ಲೈನೇ ಕಟ್ಟಿದ್ದರೆ, ಅದೇ ಟ್ಯಾಂಕಿನ ಬೇರೆ ಲೈನಿನಲ್ಲಿ ಚೆನ್ನಾಗಿ ಬರುವ ನಲ್ಲಿಯಿಂದ ಕಟ್ಟಿದ ನಲ್ಲಿಗೆ ಹೋಸ್ ಪೈಪ್ ಸಿಕ್ಕಿಸಿ, ಎರಡೂ ಕಡೆ ಕ್ಲಾಂಪ್ ಬಿಗಿದು ಎರಡೂ ನಲ್ಲಿ ತೆರೆಯಿರಿ. ಬೀದಿ ನೀರಿನ ನೇರ ನಲ್ಲಿಗೆ ಮಾತ್ರ ಬೇಡ. ಅಲ್ಲಿ ಸಪ್ಲೈ ನಿಂತರೆ ನಿಮ್ಮ ಟ್ಯಾಂಕಿನ ನೀರು ಊರಿನ ಪೈಪಿಗೆ ಇಳಿಯುತ್ತದೆ.

ಪದೇ ಪದೇ ಹೀಗಾದರೆ ಪ್ರೆಷರ್ ಪಂಪ್ ಹಾಕಿಸಿ ಅನ್ನುತ್ತಾರೆ. ಅದಕ್ಕೆ ಮೊದಲು ತಾರಸಿಗೆ ಹತ್ತಿ ನೋಡಿ. ಗೇಟ್ ವಾಲ್ವ್ ದಾಟಿದ ಕೂಡಲೇ ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ, ಟ್ಯಾಂಕಿನ ಮುಚ್ಚಳಕ್ಕಿಂತ ಎತ್ತರಕ್ಕೆ ಗಾಳಿ ಹೊರಹೋಗಲು ಒಂದು ಏರ್ ವೆಂಟ್ ಪೈಪ್ ನಿಲ್ಲಿಸಿರಬೇಕು. ಇಲ್ಲದಿದ್ದರೆ ಹಾಕಿಸಿ. ಇದ್ದೂ ಜಿರಳೆ ಬರುತ್ತದೆಂದು ಯಾರೋ ಅದಕ್ಕೆ ಕ್ಯಾಪ್ ಹಾಕಿರುತ್ತಾರೆ. ಕ್ಯಾಪ್ ಕಿತ್ತು, ಸೊಳ್ಳೆಪರದೆಯ ತುಂಡು ಕಟ್ಟಿ.