ಬಲೆಯ ಕಣ್ಣು ಎಣಿಸಿದ ಹುಡುಗ: ಅಂಗನವಾಡಿಯಲ್ಲಿ ನನ್ನ ಅನುಭವ

ಮಲ್ಪೆ ಬಂದರಿನಿಂದ ನಡೆದೇ ತಲುಪಬಹುದಾದ ಒಂದು ಅಂಗನವಾಡಿ ಕೇಂದ್ರದಲ್ಲಿ ನಾನು 19 ವರ್ಷಗಳಿಂದ ಕಾರ್ಯಕರ್ತೆಯಾಗಿದ್ದೇನೆ. ನಮ್ಮಲ್ಲಿಗೆ ಬರುವ ಮೂರರಿಂದ ಆರು ವರ್ಷದ ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ತುಳು. ಕೆಲವರದ್ದು ಬ್ಯಾರಿ ಅಥವಾ ಕೊಂಕಣಿ. ಮೀನು ಇಳಿಸುವ ಕೆಲಸಕ್ಕೆಂದು ಗದಗ, ಕೊಪ್ಪಳದ ಕಡೆಯಿಂದ ಬಂದ ಕುಟುಂಬಗಳ ಮಕ್ಕಳು ಅಲ್ಲಿಯ ಕನ್ನಡವನ್ನೋ ಲಂಬಾಣಿಯನ್ನೋ ಆಡುತ್ತಾರೆ. ಕೇಂದ್ರದಲ್ಲಿ ಮಾತ್ರ ನಾನು ಪುಸ್ತಕದ ಕನ್ನಡವನ್ನೇ ಆಡುತ್ತಿದ್ದೆ. ನನ್ನ ಮನೆಮಾತೂ ತುಳುವೇ ಆಗಿದ್ದರೂ, ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ಅದನ್ನು ಆಡುವುದು ಕೆಲಸದ ಶಿಸ್ತಿಗೆ ಕುಂದು ಎಂದು ಮೊದಲ ಆರು ವರ್ಷ ನಂಬಿದ್ದೆ.

ಆ ನಂಬಿಕೆಯನ್ನು ಅಲುಗಿಸಿದವನು ಮೂರೂವರೆ ವರ್ಷದ ಒಬ್ಬ ಹುಡುಗ. ಜೂನ್ ತಿಂಗಳ ಮಳೆಯಲ್ಲಿ ಅಜ್ಜಿಯ ಕೊಡೆಯಡಿ ಬಂದು ಸೇರಿದವನು ಬಾಗಿಲ ಪಕ್ಕದ ಮೂಲೆಯನ್ನು ಬಿಟ್ಟು ಏಳುತ್ತಿರಲಿಲ್ಲ. ಗೋಡೆಯ ಚಿತ್ರಪಟ ತೋರಿಸಿ "ಇದು ಏನು?" ಎಂದು ಕೇಳಿದರೆ ನೆಲ ನೋಡುತ್ತಿದ್ದ. ಮೂರು ವಾರ ಕಾದು, ನನ್ನ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ "ಮಾತು ಬರುವುದಿಲ್ಲ" ಎಂದು ಬರೆದೆ. ಮಾತಿಲ್ಲದಿದ್ದರೆ ಬರಹವಾದರೂ ಬರಲಿ ಎಂದು ಕೈಗೆ ಬಳಪ ಕೊಟ್ಟು, ಅವನ ಬೆರಳುಗಳ ಮೇಲೆ ನನ್ನ ಬೆರಳಿಟ್ಟು, ಸ್ಲೇಟಿನ ಮೇಲೆ ಒತ್ತಿ ಒತ್ತಿ "ಅ" ತಿದ್ದಿಸಿದೆ. ಅವನು ಅಳಲಿಲ್ಲ, ಕೈಯನ್ನು ಮೆಲ್ಲಗೆ ಎಳೆದುಕೊಂಡ. ಮರುದಿನದಿಂದ ಬರುವುದನ್ನೇ ನಿಲ್ಲಿಸಿದ.

ಒಂದು ವಾರ ಕಳೆದ ಮೇಲೆ ಮನೆಭೇಟಿಗೆ ಹೋದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ ಅವನ ತಂದೆ ಮನೆಯಲ್ಲಿಯೇ ಇದ್ದು, ಜಗಲಿಯಲ್ಲಿ ಬಲೆ ಹರಡಿಕೊಂಡು ದುರಸ್ತಿ ಮಾಡುತ್ತಿದ್ದರು. ಹುಡುಗ ಅವರ ಮೊಣಕಾಲಿಗೆ ಒರಗಿ ಕುಳಿತು, ಹರಿದ ಕಣ್ಣುಗಳ ಮೇಲೆ ಒಂದೊಂದಾಗಿ ಬೆರಳಿಟ್ಟು, "ಒಂಜಿ, ರಡ್ಡ್, ಮೂಜಿ, ನಾಲ್, ಐನ್" ಎಂದು ಎಣಿಸುತ್ತಿದ್ದ. ಒಂದು ಕಣ್ಣಿಗೆ ಒಂದೇ ಅಂಕಿ. ಯಾವುದನ್ನೂ ಬಿಡಲಿಲ್ಲ, ಯಾವುದನ್ನೂ ಎರಡು ಬಾರಿ ಮುಟ್ಟಲಿಲ್ಲ. ಅಂಕಿಗಳನ್ನು ಬಾಯಿಪಾಠ ಒಪ್ಪಿಸುವುದಕ್ಕೂ ಹೀಗೆ ವಸ್ತುವಿಗೆ ವಸ್ತು ಹೊಂದಿಸಿ ಎಣಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ನಮ್ಮ ಕೇಂದ್ರದಲ್ಲಿ ಐದು ವರ್ಷ ತುಂಬಿದ ಕೆಲವರಿಗೂ ಅದು ಇನ್ನೂ ಬಂದಿರಲಿಲ್ಲ. ನನ್ನನ್ನು ಕಂಡೊಡನೆ ಅವನ ಬಾಯಿ ಮುಚ್ಚಿತು. ಆ ಮೌನಕ್ಕೆ ನಾನೇ ಕಾರಣ ಎಂಬುದು ಅಲ್ಲಿ ನಿಂತಿದ್ದಾಗಲೇ ನನಗೆ ಸ್ಪಷ್ಟವಾಯಿತು.

ಹೊರಡುವಾಗ ಅವನ ತಂದೆಯಿಂದ ಹಳೆಯ ಬಲೆಯ ತುಂಡೊಂದನ್ನು ಕೇಳಿ ಪಡೆದೆ. ಹುಡುಗ ಮತ್ತೆ ಬಂದ ದಿನ ಅದನ್ನು ನೆಲದ ಮೇಲೆ ಹಾಸಿ, ತುಳುವಿನಲ್ಲಿ "ಬಲ, ಕುಲ್ಲು" (ಬಾ, ಕುಳಿತುಕೋ) ಎಂದೆ. ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಆ ದಿನ ಮಾತಾಡಲಿಲ್ಲ, ಆದರೆ ಮೂಲೆ ಬಿಟ್ಟು ಬಲೆಯ ಹತ್ತಿರ ಕುಳಿತ. ಬಲೆಯ ಕಣ್ಣುಗಳೊಳಗೆ ಹಗ್ಗ ಪೋಣಿಸುವುದನ್ನು ಉಳಿದ ಮಕ್ಕಳಿಗೆ ತೋರಿಸಿಕೊಟ್ಟವನೂ ಅವನೇ. ಮಾತು ಬಂದದ್ದು ಹತ್ತು ಹನ್ನೆರಡು ದಿನಗಳ ಮೇಲೆ, ಅದೂ ಮೀನು ಮಾರುವ ಆಟದಲ್ಲಿ. ಬುಟ್ಟಿಯಲ್ಲಿ ತೆಂಗಿನ ಗರಿಯಿಂದ ಮಾಡಿದ ಮೀನುಗಳಿದ್ದವು; ಒಬ್ಬಳು ಹುಡುಗಿ ಬಂಗುಡೆಗೆ ಕಡಿಮೆ ಬೆಲೆ ಕೇಳಿದಾಗ ಅವನಿಗೆ ಸುಮ್ಮನಿರಲು ಆಗಲಿಲ್ಲ.

ಅಂದಿನಿಂದ ನನ್ನ ರೀತಿ ಬದಲಾಯಿತು. ಮಗು ತುಳುವಿನಲ್ಲಿ "ಬರ್ಸ ಬತ್ತ್ಂಡ್" ಎಂದರೆ, "ಹೌದು, ಮಳೆ ಬಂತು, ಅಂಗಳದಲ್ಲಿ ನೀರು ನಿಂತಿದೆ" ಎಂದು ಅದೇ ಸಂಗತಿಯನ್ನು ಕನ್ನಡದ ಪೂರ್ಣ ವಾಕ್ಯದಲ್ಲಿ ಹೇಳುತ್ತೇನೆ. ಅದನ್ನು ಮತ್ತೆ ಹೇಳು ಎಂದು ಒತ್ತಾಯಿಸುವುದಿಲ್ಲ; ಮಗು ತಪ್ಪು ಹೇಳಿತು ಎಂಬ ಭಾವವೂ ನನ್ನ ದನಿಯಲ್ಲಿ ಬಾರದಂತೆ ನೋಡಿಕೊಳ್ಳುತ್ತೇನೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿಯೇ ಹತ್ತರವರೆಗೆ ಎಣಿಸಿ ಕಾಯುತ್ತೇನೆ. ಮೊದಲು ಮೂರು ಎಣಿಸುವುದರೊಳಗೆ ನಾನೇ ಉತ್ತರ ಹೇಳಿಬಿಡುತ್ತಿದ್ದೆ. ದಿನಕ್ಕೆ ಮೂವರು ಮಕ್ಕಳನ್ನು ಗಮನಿಸಿ ಒಬ್ಬೊಬ್ಬರ ಬಗ್ಗೆ ಒಂದು ಸಾಲು ಬರೆಯುತ್ತೇನೆ. "ಜಾಣ", "ಮಂಕು" ಎಂಬಂಥ ಪದಗಳಿಗೆ ಆ ಪುಸ್ತಕದಲ್ಲಿ ಜಾಗವಿಲ್ಲ. "ಮರುವಾಯಿ ಚಿಪ್ಪುಗಳನ್ನು ತಾನಾಗಿಯೇ ದೊಡ್ಡದು, ಚಿಕ್ಕದು ಎಂದು ಬೇರ್ಪಡಿಸಿದಳು, ಮಧ್ಯಮ ಗಾತ್ರದ್ದನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡಳು" ಎಂದು ಬರೆದರೆ, ನಾಳೆ ಅವಳ ಮುಂದೆ ಮೂರು ಗೆರಟೆಗಳನ್ನು (ತೆಂಗಿನ ಕರಟಗಳನ್ನು) ಇಡಬೇಕೆಂಬುದು ಆ ಸಾಲಿನಿಂದಲೇ ಗೊತ್ತಾಗುತ್ತದೆ. ಚಿಪ್ಪುಗಳನ್ನು ಕುದಿಸಿ ಬಿಸಿಲಿಗೆ ಒಣಗಿಸಿ, ಅಂಚು ಚೂಪಾಗಿರುವುದನ್ನು ತೆಗೆದುಹಾಕಿಯೇ ಕೊಡಬೇಕು. ತುಳುವರ ಮಳೆಗಾಲದ ಆಟಿ ತಿಂಗಳಲ್ಲಿ ಚೆನ್ನೆಮಣೆ (ಅಳಗುಳಿಮಣೆ) ಆಡಿಸುವಾಗ, ಹದಿನಾಲ್ಕು ಗುಳಿಗಳಿಗೆ ನಾಲ್ಕು ನಾಲ್ಕರಂತೆ ಮಂಜೊಟ್ಟಿ ಕಾಯಿ ಎಂಬ ಕೆಂಪು ಬೀಜ ಹಂಚುವುದನ್ನು ಐದು ದಾಟಿದ ಮಕ್ಕಳಿಗೆ ಮಾತ್ರ, ನನ್ನ ಕಣ್ಣೆದುರೇ ಕೊಡುತ್ತೇನೆ. ಚಿಕ್ಕವರು ಅದನ್ನು ಬಾಯಿಗೋ ಮೂಗಿಗೋ ಹಾಕಿಕೊಳ್ಳುವ ಅಪಾಯವಿದೆ.

ತಾಯಂದಿರಿಂದ ಆಕ್ಷೇಪ ಬಾರದೆ ಇರಲಿಲ್ಲ. "ಟೀಚರೇ, ತುಳು ಮನೆಯಲ್ಲಿಯೇ ಬರುತ್ತದಲ್ಲ, ಇಲ್ಲಿಯೂ ಅದನ್ನೇ ಆಡಿದರೆ ಕನ್ನಡ, ಇಂಗ್ಲಿಷ್ ಯಾವಾಗ ಕಲಿಯುವುದು?" ಎಂದು ಕೇಳಿದರು. ಪಕ್ಕದ ಎಲ್‌ಕೆಜಿಯಲ್ಲಿ ಅದೇ ವಯಸ್ಸಿನ ಮಕ್ಕಳು ಪುಟಗಟ್ಟಲೆ ಬರೆಯುವುದನ್ನು ಅವರು ನೋಡುತ್ತಾರೆ. ಅವರ ಆತಂಕ ಸಹಜವಾದದ್ದು. ಸಾಧ್ಯವಿರುವಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತು ಅಥವಾ ಮಾತೃಭಾಷೆಯಲ್ಲಿ ಕಲಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಿದೆ ಎಂದು ವಿವರಿಸಿದೆ. ಅದಕ್ಕಿಂತ ಅವರಿಗೆ ಒಪ್ಪಿಗೆಯಾದದ್ದು ತಾಯಂದಿರೂ ಸದಸ್ಯರಾಗಿರುವ ಅಂಗನವಾಡಿಯ ಬಾಲವಿಕಾಸ ಸಮಿತಿಯ ಸಭೆಯ ದಿನ ಮಕ್ಕಳ ಜೊತೆ ಕುಳಿತು ಕಣ್ಣಾರೆ ನೋಡಿದ ಸಂಗತಿ. ತುಳುವಿನಲ್ಲಿ ಐದು ಎಂದರೆ ಎಷ್ಟು ಎಂದು ತಿಳಿದ ಮಗುವಿಗೆ ಕನ್ನಡದ "ಐದು" ಒಂದು ಹೊಸ ಹೆಸರು ಅಷ್ಟೇ. ಅದು ಒಂದೆರಡು ದಿನಗಳ ಕೆಲಸ. ಬರವಣಿಗೆಯ ವಿಷಯದಲ್ಲಿ ನಾನು ಪಟ್ಟು ಬಿಟ್ಟಿಲ್ಲ. ಮೂರು ವರ್ಷದ ಬೆರಳುಗಳಿಗೆ ಹಿಟ್ಟು ನಾದುವುದು, ಒದ್ದೆ ಮರಳಿನಲ್ಲಿ ಗೆರೆ ಎಳೆಯುವುದು, ಎಲೆ ಹರಿಯುವುದು ಬೇಕು. ಬಳಪ ಆಮೇಲೆ ಬರಲಿ.

ಎಲ್ಲ ಮೌನಕ್ಕೂ ಮನೆಮಾತೇ ಕಾರಣವಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ನಾಲ್ಕು ವರ್ಷದ ಒಬ್ಬಳು ಹುಡುಗಿಯೂ ಮಾತಾಡುತ್ತಿರಲಿಲ್ಲ, ನಾನು ತುಳುವಿನಲ್ಲಿ ಕರೆದರೂ ಓಗೊಡುತ್ತಿರಲಿಲ್ಲ. ಮನೆಯಲ್ಲಿ ವಿಚಾರಿಸಿದಾಗ ಅಲ್ಲಿಯೂ ಮಾತು ಕಡಿಮೆ, ಟಿವಿಗೆ ತೀರ ಹತ್ತಿರ ಕೂರುತ್ತಾಳೆ ಎಂದರು. ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದಾಗ ತಿರುಗಲಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬರುತ್ತದೆ. ಮುಂದಿನ ಭೇಟಿಗೆ ಕಾಯದೆ ಅವರಿಗೆ ತಿಳಿಸಿ, ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದೆವು. ಕಿವಿಯೊಳಗೆ ದ್ರವ ತುಂಬಿಕೊಂಡಿದ್ದದ್ದು ಗೊತ್ತಾಗಿ ಚಿಕಿತ್ಸೆಯಾಯಿತು. ಆದ್ದರಿಂದ ಈಗ ಯಾವ ಮಗು ಸುಮ್ಮನಿದ್ದರೂ ಮನೆಯವರಲ್ಲಿ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ: ಮನೆಯಲ್ಲಿ ಯಾರೊಡನೆ ಹೆಚ್ಚು ಮಾತಾಡುತ್ತದೆ, ಹಿಂದಿನಿಂದ ಕರೆದರೆ ತಿರುಗುತ್ತದೆಯೇ.

ಈ ವರ್ಷ ಲಂಬಾಣಿ ಮನೆಮಾತಿನ ಒಬ್ಬಳು ಪುಟ್ಟ ಹುಡುಗಿ ಸೇರಿದ್ದಾಳೆ. ನನಗಾಗಲಿ ಸಹಾಯಕಿಗಾಗಲಿ ಆ ಭಾಷೆ ಬಾರದು. ಬೆಳಿಗ್ಗೆ ಮಗುವನ್ನು ಬಿಟ್ಟು ಬಂದರಿಗೆ ಹೊರಡುವ ಮೊದಲು ಅವಳ ತಾಯಿ ಬಾಗಿಲಲ್ಲಿ ನಿಂತು ದಿನಕ್ಕೆ ಒಂದು ಮಾತು ಹೇಳಿಕೊಡುತ್ತಾರೆ, ನಾನು ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಳ್ಳುತ್ತೇನೆ. ಅಮ್ಮನಿಗೆ "ಯಾಡಿ" ಎಂಬುದು ಮೊದಲು ಬಂತು. ನೀರು, ಊಟ, ಸಾಕು ಎಂಬವೂ ಸೇರಿ ಹನ್ನೊಂದು ಪದಗಳಾಗಿವೆ. ನಾಳೆ ಬೆಳಿಗ್ಗೆ "ನೋವು" ಎಂಬುದಕ್ಕೆ ಏನೆನ್ನುತ್ತಾರೆಂದು ಕೇಳಬೇಕು.