ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ಹಾರಾಟದ ದೂರ, ಹೊತ್ತು ಲೆಕ್ಕ ಹಾಕುವುದು ಹೇಗೆ

ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಡಬೇಡಿ. ಗೆರೆ ಆಫ್ರಿಕಾ, ಅಟ್ಲಾಂಟಿಕ್ ದಾಟಿ ಹೋಗುತ್ತದೆ, ಸುಳ್ಳು ದಾರಿ. 30 ಸೆಂ.ಮೀ. ವ್ಯಾಸದ ಗ್ಲೋಬ್ ಸಿಕ್ಕರೆ ಎರಡೂ ಊರಿನ ಮೇಲೆ ದಾರ ಒತ್ತಿ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ಟಿಬೆಟ್ ಹತ್ತಿ, ಸೈಬೀರಿಯಾದ ಉತ್ತರದಂಚು ಸವರಿ, ಅಲಾಸ್ಕಾ ಮೇಲೆ ಇಳಿಯುತ್ತದೆ. ಉದ್ದ ಸುಮಾರು 33 ಸೆಂ.ಮೀ.; ಸೆಂಟಿಮೀಟರಿಗೆ 425 ಕಿ.ಮೀ. ಹಿಡಿದರೆ 14,000 ಕಿ.ಮೀ.

ನಿಖರವಾಗಿ ಬೇಕಾದರೆ ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. ಅಕ್ಷಾಂಶ 13.2 ಮತ್ತು 37.6. ರೇಖಾಂಶ ಪೂರ್ವ 77.7, ಪಶ್ಚಿಮ 122.4. ಒಂದು ಪೂರ್ವ, ಇನ್ನೊಂದು ಪಶ್ಚಿಮ ಆದ್ದರಿಂದ ಕೂಡಿಸಬೇಕು: 200.1. ಇದು 180 ಮೀರಿದೆ, 360ರಿಂದ ಕಳೆಯಿರಿ: 159.9. ಈಗ ಎರಡು ಅಕ್ಷಾಂಶಗಳ ಸೈನ್‌ಗಳ ಗುಣಲಬ್ಧಕ್ಕೆ, ಅವುಗಳ ಕೊಸೈನ್‌ಗಳನ್ನೂ 159.9ರ ಕೊಸೈನನ್ನೂ ಗುಣಿಸಿ ಬಂದದ್ದನ್ನು ಸೇರಿಸಿ. ಬರುವುದು –0.585. ಅದರ ವಿಲೋಮ ಕೊಸೈನ್ 125.8 ಡಿಗ್ರಿ. ಡಿಗ್ರಿಗೆ 111.2 ಕಿ.ಮೀ.ಯಂತೆ 13,990 ಕಿ.ಮೀ. ಉತ್ತರ ವಿಚಿತ್ರವಾಗಿ ಬಂದರೆ ಕ್ಯಾಲ್ಕುಲೇಟರ್ ಡಿಗ್ರಿಯ ಬದಲು ರೇಡಿಯನ್‌ನಲ್ಲಿದೆಯೇ ನೋಡಿ. ಒಂದೆಡೆ 8,690, ಇನ್ನೊಂದೆಡೆ 7,550 ಎಂದು ಕಂಡರೆ ಗಾಬರಿ ಬೇಡ: ಮೊದಲನೆಯದು ಸಾದಾ ಮೈಲಿ, ಎರಡನೆಯದು ಹಡಗು, ವಿಮಾನಗಳಿಗೆ ಬಳಸುವ ನಾಟಿಕಲ್ ಮೈಲಿ.

ಆದರೆ ವಿಮಾನ ದಾರದ ದಾರಿ ಹಿಡಿಯುವುದಿಲ್ಲ. ಕ್ಯಾಬಿನ್‌ನ ಒತ್ತಡ ಕುಸಿದರೆ ಸುಮಾರು 10,000 ಅಡಿಗೆ ಇಳಿಯಬೇಕು. ಟಿಬೆಟಿನಲ್ಲಿ ಬಹುಪಾಲು ನೆಲವೇ 14,000 ಅಡಿ ಮೀರಿದೆ. ಹಾಗಾಗಿ ಅದನ್ನು ಬಿಟ್ಟು ಸುತ್ತುಹಾಕಿ ಹೋಗುತ್ತಾರೆ. ಪೆಸಿಫಿಕ್ ಮೇಲೆ ಬಹು ಎತ್ತರದಲ್ಲಿ ಪಶ್ಚಿಮದಿಂದ ರಭಸವಾಗಿ ಬೀಸುವ ಜೆಟ್ ಗಾಳಿಯ ಬೆನ್ನೇರುವುದೂ ಲಾಭ. ಹಾರುವ ದೂರ 14,500 ಕಿ.ಮೀ. ಎಂದಿಟ್ಟುಕೊಳ್ಳಿ.

ದೊಡ್ಡ ಜೆಟ್‌ನ ವೇಗ ಗಂಟೆಗೆ ಸುಮಾರು 900 ಕಿ.ಮೀ. ಗಾಳಿ ಸರಾಸರಿ 50 ಕಿ.ಮೀ. ಹಿಂದಿನಿಂದ ತಳ್ಳಿದರೆ 950, ಎದುರಾದರೆ 850. ಹೋಗುವಾಗ 15 ಗಂಟೆ 16 ನಿಮಿಷ, ಬರುವಾಗ 17 ಗಂಟೆ 4 ನಿಮಿಷ. ಟಿಕೆಟ್‌ನ ಸಮಯ ಗೇಟ್ ಬಿಟ್ಟದ್ದರಿಂದ ಗೇಟ್ ಸೇರುವವರೆಗಿನದು. ರನ್‌ವೇಗೆ ಉರುಳುವುದು, ಏರಿಳಿಯುವುದು ಎಂದು ಅರ್ಧ ಗಂಟೆ ಸೇರಿಸಿ. 15:45 ಮತ್ತು 17:35 ಆಯಿತು. ಚಳಿಗಾಲದಲ್ಲಿ ಜೆಟ್ ಗಾಳಿ ಜೋರು, ಆಗ ಈ ಅಂತರ ಇನ್ನೂ ಹಿಗ್ಗುತ್ತದೆ.

ಎಡವುವುದು ಗಡಿಯಾರದಲ್ಲಿ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಕ್ಯಾಲಿಫೋರ್ನಿಯಾ ನಮಗಿಂತ 12:30 ಗಂಟೆ ಹಿಂದೆ, ಉಳಿದಂತೆ 13:30. ಹೊರಟ ಊರಿನ ಗಂಟೆಗೆ ಪ್ರಯಾಣದ ಹೊತ್ತು ಕೂಡಿಸಿ, ಆಮೇಲಷ್ಟೇ ಅಂತರ ಸರಿಪಡಿಸಿ. ಜುಲೈನ ಶುಕ್ರವಾರ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟರೆ ಅದೇ ಶುಕ್ರವಾರ ಸಂಜೆ 5:15ಕ್ಕೆ ಇಳಿಯುತ್ತೀರಿ. ಸೋಮವಾರ ರಾತ್ರಿ 8ಕ್ಕೆ ಅಲ್ಲಿಂದ ಹೊರಟವರು ಇಲ್ಲಿಗೆ ಬರುವುದು ಬುಧವಾರ 2:05ಕ್ಕೆ, ಅಂದರೆ ನಮ್ಮ ಮಾತಿನ ಮಂಗಳವಾರ ರಾತ್ರಿ. ಕರೆತರಲು ಹೋಗುವವರಿಗೆ ಬರೀ ‘ಬುಧವಾರ’ ಎಂದರೆ ಒಂದು ದಿನ ತಡವಾಗಿ ಬಂದು ನಿಲ್ಲುತ್ತಾರೆ. ಕಾರು ಮಂಗಳವಾರ ರಾತ್ರಿ 12ಕ್ಕೆ ಮನೆ ಬಿಡಬೇಕೆಂದು ಹೇಳಿ.