ಪಿಚ್ ಡೆಕ್ ಹೊರಗೆ ಮಾಡಿಸುವ ಮುಂಚೆ

ಬಂಡವಾಳ ಕೇಳಲು ಹೊರಟವರು ಪಿಚ್ ಡೆಕ್ ಅನ್ನು, ಅಂದರೆ ಹೂಡಿಕೆದಾರರಿಗೆ ತಮ್ಮ ವ್ಯವಹಾರ ವಿವರಿಸುವ ಸ್ಲೈಡುಗಳನ್ನು, ಪೂರ್ತಿ ಬೇರೆಯವರ ಕೈಗೆ ಕೊಡಬಾರದು ಅನ್ನುವುದು ನನ್ನ ಪಕ್ಕಾ ಅಭಿಪ್ರಾಯ. ಡಿಸೈನರ್‌ರನ್ನು ನಾನು ಕರೆಯುವುದು ಮಾತು, ಲೆಕ್ಕ ಎರಡೂ ಗಟ್ಟಿಯಾದ ಮೇಲೆ.

ಮೊದಲು ಸ್ಲೈಡ್ ತೆರೆಯುವುದೇ ಇಲ್ಲ. ಬರಿಯ ಹಾಳೆಯಲ್ಲಿ 10–12 ತಲೆಬರಹ, ಒಂದೊಂದೂ ಪೂರ್ಣ ವಾಕ್ಯ. ಹಾಲಿನ ಸೊಸೈಟಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾರುತ್ತೀರಿ ಎಂದಿಟ್ಟುಕೊಳ್ಳಿ. ‘ಸಮಸ್ಯೆ’ ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ‘ತಿಂಗಳ ಬಟವಾಡೆ ಲೆಕ್ಕಕ್ಕೆ ಕಾರ್ಯದರ್ಶಿಗೆ ಮೂರು ದಿನ ಹಿಡಿಯುತ್ತದೆ’ ಎಂದರೆ ಹೇಳಿದಂತೆ. ತಲೆಬರಹಗಳನ್ನಷ್ಟೇ ಓದಿದರೂ ಕಥೆ ಸಾಗಬೇಕು. ಡೆಕ್ ಕಳಿಸಲು ಬಳಸುವ ಡಾಕ್‌ಸೆಂಡ್ ಎಂಬ ಆನ್‌ಲೈನ್ ಸೇವೆಯವರು 2015ರಲ್ಲಿ 200 ಸ್ಟಾರ್ಟಪ್‌ಗಳ ಡೆಕ್ ನೋಡಿದಾಗ ಹೂಡಿಕೆದಾರರು ಒಂದರ ಮೇಲೆ ಸರಾಸರಿ 3 ನಿಮಿಷ 44 ಸೆಕೆಂಡು ಕಳೆದಿದ್ದರು. ಅಷ್ಟರಲ್ಲಿ ತಲೆಬರಹ ಬಿಟ್ಟು ಹೆಚ್ಚೇನು ಓದಲಾದೀತು?

ಆಮೇಲೆ ಮಾರುಕಟ್ಟೆಯ ಗಾತ್ರ. ಹೊರಗಿನವರು ಬರೆದುಕೊಟ್ಟ ಡೆಕ್ ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ. ಯಾವುದೋ ವರದಿಯಿಂದ ಲಕ್ಷ ಕೋಟಿಯ ಅಂಕಿ ಎತ್ತಿ, ಅದರ 1% ಸಿಕ್ಕರೂ ಸಾಕು ಎಂದು ಹಾಕಿಬಿಡುತ್ತಾರೆ. ನಾನು ಕೆಳಗಿನಿಂದ ಕಟ್ಟುತ್ತೇನೆ: 10,000 ಸೊಸೈಟಿ, ತಿಂಗಳಿಗೆ ₹600, 12 ತಿಂಗಳು, ಒಟ್ಟು ವರ್ಷಕ್ಕೆ ₹7.2 ಕೋಟಿ. ಚಿಕ್ಕದಾಯಿತೇ? ಹಾಗಾದರೆ ಪಶು ಆಹಾರ, ಸಾಲದಂಥ ಮುಂದಿನ ಆದಾಯ ಎಲ್ಲಿಂದ ಎಂದು ಈಗಲೇ ಯೋಚಿಸಬೇಕಾಗುತ್ತದೆ. ಆ ಯೋಚನೆಯನ್ನು ಕೂಲಿಗೆ ಕೊಡಲಾಗದು. ಮೀಟಿಂಗಿನಲ್ಲಿ ‘₹600 ಹೇಗೆ ಬಂತು?’ ಎಂದರೆ ಉತ್ತರ ಕೊಡಬೇಕಾದವರು ನೀವೇ.

ಕರ್ನಾಟಕ ಸರ್ಕಾರದ ಸ್ಟಾರ್ಟಪ್ ಯೋಜನೆ ಎಲಿವೇಟ್‌ಗೆ ಅರ್ಜಿ ಹಾಕುವವರು ಅದೇ ಡೆಕ್ ಕಳಿಸಬೇಡಿ. ಅದು ₹50 ಲಕ್ಷದವರೆಗಿನ ಅನುದಾನ, ಕಂಪನಿಯಲ್ಲಿ ಪಾಲು ಕೇಳುವುದಿಲ್ಲ. ಹಾಗಾಗಿ ವ್ಯಾಲ್ಯುಯೇಶನ್ (ಕಂಪನಿಗೆ ಕಟ್ಟಿದ ಬೆಲೆ) ಸ್ಲೈಡ್ ತೆಗೆದು, ಯಾವ ಕಂತಿನಲ್ಲಿ ಏನು ಮಾಡಿ ತೋರಿಸುತ್ತೀರಿ ಎಂಬುದನ್ನು ಹಾಕಿ.

ಡಿಸೈನರ್‌ಗೆ ದುಡ್ಡು ಕೊಡುವುದು ಸಾರ್ಥಕವಾಗುವುದು ಯಂತ್ರ, ವೈದ್ಯಕೀಯ ಉಪಕರಣದಂಥ, ಮಾತಿನಲ್ಲಿ ಕಣ್ಣಿಗೆ ಕಟ್ಟದ ವಸ್ತುವಿದ್ದಾಗ. ಆಗಲೂ ಗ್ರಾಫುಗಳನ್ನು ಒಂದೊಂದಾಗಿ ನೋಡಿಯೇ ಒಪ್ಪಿಕೊಳ್ಳಿ. ಆದಾಯ ₹4 ಲಕ್ಷದಿಂದ ₹5 ಲಕ್ಷಕ್ಕೆ ಏರಿದೆ ಅನ್ನಿ. ಚೆಂದ ಕಾಣಲೆಂದು ಲಂಬ ಅಕ್ಷವನ್ನು 3.5ರಿಂದ ಶುರು ಮಾಡಿದರೆ ಎರಡನೇ ಕಂಬ ಮೊದಲನೆಯದರ ಮೂರು ಪಟ್ಟು ಎತ್ತರ ಕಾಣುತ್ತದೆ. ಪಳಗಿದ ಕಣ್ಣಿಗೆ ಇದು ತಕ್ಷಣ ಬೀಳುತ್ತದೆ, ಮಿಕ್ಕ ಅಂಕಿಗಳ ಮೇಲೂ ಅನುಮಾನ ಹುಟ್ಟುತ್ತದೆ. ಕಂಬದ ಗ್ರಾಫ್ ಸೊನ್ನೆಯಿಂದಲೇ ಶುರುವಾಗಲಿ.

ಪಿಡಿಎಫ್ ಮಾತ್ರ ಕೊಟ್ಟರೆ ಪೂರ್ತಿ ಹಣ ಕೊಡಬೇಡಿ. ತಿದ್ದಲು ಬರುವ ಮೂಲ ಫೈಲು, ಬಳಸಿದ ಫಾಂಟು, ಗ್ರಾಫಿನ ಹಿಂದಿನ ಎಕ್ಸೆಲ್ ಎಲ್ಲ ಕೈಗೆ ಬರಬೇಕು. ಗ್ರಾಫನ್ನು ಚಿತ್ರವಾಗಿ ಅಂಟಿಸಿದ್ದರೆ ಮುಂದಿನ ತಿಂಗಳ ಅಂಕಿ ಸೇರಿಸಲು ಮತ್ತೆ ಅವರ ಬಾಗಿಲಿಗೇ ಹೋಗಬೇಕು. ಎಷ್ಟು ಸಲ ತಿದ್ದಿಕೊಡುತ್ತಾರೆ, 18% ಜಿಎಸ್‌ಟಿ ಸೇರಿ ಹೇಳಿದ ದರವೋ ಎಂಬುದೂ ಮೊದಲೇ ಇತ್ಯರ್ಥವಾಗಲಿ. ಡಿಸೈನಿನ ಮೇಲಿನ ಹಕ್ಕಿನ ವರ್ಗಾವಣೆಯನ್ನು ಬರವಣಿಗೆಯಲ್ಲಿ ಪಡೆಯಿರಿ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಬಾಯಿಮಾತಿನ ವರ್ಗಾವಣೆ ನಡೆಯದು. ಅವಧಿ ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ಲೆಕ್ಕ.